ಹತ್ತು ಬೆಳ್ಳಿ ರೂಪಾಯಿಯ ಮುಯ್ಯಿ

ದಿಲ್ಲಿಯವರು ರೂಪಾಯಿಯ ಬೆಲೆ ಇಳಿಸಿದ ವರ್ಷದ ಶ್ರಾವಣ. ದೊಡ್ಡಬಳ್ಳಾಪುರದ ಕೋದಂಡರಾಮಯ್ಯನ ಮಗಳ ಮದುವೆಗೆ ಅವನ ತಂಗಿ ಶಕುಂತಲಮ್ಮ ಹೊರಟದ್ದು ಹರಸುವುದಕ್ಕಲ್ಲ, ತವರಿನ ನಂಟು ಕಡಿದುಕೊಳ್ಳುವುದಕ್ಕೆ.

ಮೂರು ವರ್ಷದ ಹಿಂದೆ ಅಣ್ಣ ಪವರ್‌ಲೂಮ್ ಹಾಕಿದ್ದ. ಜಾಗ ಸಾಲದೆ, ಷೆಡ್ಡಿನ ಮೂಲೆಯಲ್ಲಿದ್ದ ಅವಳ ಗಂಡ ಮುನಿಸ್ವಾಮಿಯ ಕೈಮಗ್ಗವನ್ನು ಒಂದು ಮಾತೂ ಕೇಳದೆ ಬಿಚ್ಚಿಸಿ ಅಂಗಳಕ್ಕೆ ಹಾಕಿಸಿದ. ಅರ್ಧ ನೇಯ್ದಿದ್ದ ಸೀರೆ ಹರಿದು ಹಾಳಾಯಿತು. ಮುನಿಸ್ವಾಮಿ ಸಾಧು, ಸಹಿಸಿಕೊಂಡ. ಶಕುಂತಲಮ್ಮ ಆ ಜಾತಿಯಲ್ಲ. ಅಂದಿನಿಂದ ಅಣ್ಣನ ಮನೆಯ ನೀರು ಮುಟ್ಟಿರಲಿಲ್ಲ.

ಅವಳ ಮದುವೆಯಲ್ಲಿ ಅಣ್ಣ ಹತ್ತು ಬೆಳ್ಳಿ ರೂಪಾಯಿ ಮುಯ್ಯಿ ಹಾಕಿದ್ದ. ಮುಯ್ಯಿ ತಿರುಗಿಸುವಾಗ ಮೇಲೊಂದು ರೂಪಾಯಿ ಸೇರಿಸುವುದು ಅವರ ಕಡೆಯ ಪದ್ಧತಿ. ಆ ಒಂದು ರೂಪಾಯಿ ಬಾಕಿ ಉಳಿಯುವುದರಿಂದಲೇ ಎರಡು ಮನೆಗಳ ಹೋಗಿಬರುವುದು ನಡೆಯುತ್ತದೆ. ಕೊಟ್ಟಷ್ಟನ್ನೇ ಸರಿಸಮ ತಿರುಗಿಸಿದರೆ ಸಂಬಂಧ ಮುಗಿಯಿತೆಂದು ನಾಲ್ಕು ಜನರ ಮುಂದೆ ಸಾರಿದ ಹಾಗೆ. ಶಕುಂತಲಮ್ಮ ಹತ್ತೇ ರೂಪಾಯಿ ಸೆರಗಿಗೆ ಗಂಟು ಹಾಕಿಕೊಂಡಳು.

"ಹನ್ನೊಂದು ಮಾಡೇ. ತವರು ಕಣೇ ಅದು," ಎಂದ ಮುನಿಸ್ವಾಮಿ.

"ನಿಮ್ ಮಗ್ಗ ಬೀದಿಗೆ ಬಿದ್ದಾಗ ತವರು ಎಲ್ಲೋಗಿತ್ತು?" ಎಂದು ಅವನನ್ನು ಮನೆಯಲ್ಲೇ ಬಿಟ್ಟು ಒಬ್ಬಳೇ ಹೊರಟಳು.

ಚಪ್ಪರದಲ್ಲಿ ಹಿರಿಯ ಆದಿನಾರಾಯಣಪ್ಪ ಮುಯ್ಯಿ ಬರೆದುಕೊಳ್ಳುತ್ತ ಒಬ್ಬೊಬ್ಬರ ಹೆಸರನ್ನೂ ಕೂಗುತ್ತಿದ್ದ. ಶಕುಂತಲಮ್ಮ ತಟ್ಟೆಗೆ ನಾಣ್ಯ ಸುರಿದಳು. ಆತ ಎಣಿಸಿ, ಮುಖ ಎತ್ತಿದ.

"ಹತ್ತೈತಲ್ಲವ್ವಾ. ಮೇಲಿಂದು?"

"ಅಷ್ಟೇ."

ಹತ್ತಿರವಿದ್ದ ಹೆಂಗಸರು ತಿರುಗಿ ನೋಡಿದರು. ಆ ಒಂದು ಮಾತಿಗಾಗಿ ಮೂರು ವರ್ಷ ಕಾದಿದ್ದವಳಿಗೆ, ಆಡಿದ ಮೇಲೆ ಗೆದ್ದೆನೆಂದು ಅನ್ನಿಸಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ತವರು ಅಂತ ಇದ್ದದ್ದು ಇವನೊಬ್ಬನೇ.

ಕೋದಂಡರಾಮಯ್ಯ ಧಾರೆಯ ಪಂಚೆಯಲ್ಲೇ ಎದ್ದುಬಂದ. ಮುಖ ಬಿಳಿಚಿತ್ತು. ತಂಗಿಯನ್ನು ನೋಡದೆ ತಟ್ಟೆಯಿಂದ ಒಂದು ರೂಪಾಯಿ ತೆಗೆದು ಚಪ್ಪಡಿ ಕಲ್ಲಿನ ಮೇಲೆ ಚಿಮ್ಮಿದ. ಬೆಳ್ಳಿ ಬಿದ್ದರೆ ಉದ್ದಕ್ಕೆ ದನಿ ಬಿಡಬೇಕು. ಇದು ಟಕ್ಕೆಂದು ಸುಮ್ಮನಾಯಿತು. ಇನ್ನೊಂದನ್ನು ಚಿಮ್ಮಿದ. ಅದೂ ಹಾಗೇ.

"ಖೋಟಾ ತಂದವಳೆ," ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

ಶಕುಂತಲಮ್ಮನ ಕಿವಿ ಬಿಸಿಯಾಯಿತು. ಲೆಕ್ಕ ತೀರಿಸಲು ಬಂದವಳನ್ನು ಕಳ್ಳಿ ಮಾಡಿ ಕಳಿಸುತ್ತಾನೆ ಇವನು.

"ಖೋಟಾ ಯಾಕಾಯ್ತದೆ? ಮನೇಲಿ ಇದ್ದಿದ್ದೇ ತಂದಿದೀನಿ," ಎಂದಳು.

ಆದಿನಾರಾಯಣಪ್ಪ ನಾಣ್ಯವನ್ನು ಕಣ್ಣಿಗೆ ಹತ್ತಿರ ಹಿಡಿದು ಇಸವಿ ನೋಡಿದ. "ಖೋಟಾ ಅಲ್ಲ ಕಣ್ರಪ್ಪ, ಸರ್ಕಾರದ್ದೇ. ಯುದ್ಧದ ಕಾಲದ್ದು. ಅರ್ಧ ಬೆಳ್ಳಿ, ಅರ್ಧ ತಾಮ್ರಗೀಮ್ರ."

ಆಗ ಅವಳಿಗೆ ಹೊಳೆಯಿತು. ಯುದ್ಧದಲ್ಲಿ ನೂಲಿಗೆ ಬರ ಬಂದಾಗ ಮುನಿಸ್ವಾಮಿ ಮದುವೆಯ ಹತ್ತು ರೂಪಾಯಿ ಖರ್ಚು ಮಾಡಿ, ಆಮೇಲೆ ಬೇರೆ ಹತ್ತು ತಂದಿಟ್ಟಿದ್ದ. ಹಳೆಯವು ಸವೆದಿದ್ದವು, ಇವು ಹೊಸವು, ಫಳಫಳ ಅನ್ನುತ್ತಿದ್ದವು. ಲಾಭವಾಯಿತೆಂದೇ ಅವಳು ಹಿಗ್ಗಿದ್ದಳು. ರಾಜನ ತಲೆ ಹಾಗೇ ಇಟ್ಟು ಹೊಟ್ಟೆಯೊಳಗಿನ ಬೆಳ್ಳಿ ನುಂಗಿದ ಸರ್ಕಾರವನ್ನು ಯಾರು ಕೇಳುತ್ತಾರೆ? ನೆಂಟರ ನಡುವೆ ನಿಂತು ಮಾನ ಕಳೆದುಕೊಳ್ಳುವವಳು ಮಾತ್ರ ಇವಳು.

ಕೋದಂಡರಾಮಯ್ಯ ನಾಣ್ಯಗಳನ್ನು ಒಂದೊಂದಾಗಿ ಆರಿಸಿ ತಟ್ಟೆಗೆ ಹಾಕಿದ.

"ಬರ್ಕೊಳ್ಳಣ್ಣ," ಎಂದ ಆದಿನಾರಾಯಣಪ್ಪನಿಗೆ. "ಬೆಳ್ಳಿ ಲೆಕ್ಕದಲ್ಲಿ ಐದು ಬಂತು. ಐದು ಬಾಕಿ."

ಶಕುಂತಲಮ್ಮ ಸೊಂಟದ ಚೀಲಕ್ಕೆ ಕೈ ಹಾಕಿ ಐದು ರೂಪಾಯಿಯ ನೋಟು ಎಳೆದಳು. "ತಗೋ. ಬಾಕಿ ಗೀಕಿ ಏನೂ ಬೇಡ."

"ಕಾಗದ ಯಾರಿಗೆ ಬೇಕು? ನಾನು ಕೊಟ್ಟಿದ್ದು ಬೆಳ್ಳಿ."

"ಈಗ ಅಂಥ ಬೆಳ್ಳಿ ಎಲ್ಲಿ ಸಿಕ್ತದಣ್ಣಾ?"

ಅಣ್ಣಾ ಎಂದದ್ದು ಬಾಯಿ ತಪ್ಪಿ. ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ.

ಅವನ ಕಣ್ಣು ತುಂಬಿತ್ತು. "ಸಿಗದೆ ಇದ್ರೆ ನಾನು ಸಾಯೋವರ್ಗೂ ಬಾಕಿ ಇರ್ಲಿ ಬಿಡು," ಎಂದ. ಆಮೇಲೆ ದನಿ ತಗ್ಗಿಸಿ, "ಮುನಿಸ್ವಾಮಿ ಯಾಕೆ ಬರ್ಲಿಲ್ಲ? ಹೇಳ್ಕಳಿಸ್ತೀನಿ, ಅವನು ಬಂದ್ಮೇಲೇ ಎಲೆ ಹಾಕೋದು."