ಜಡೆ ಸೇರಿಸಿ ತೆಗೆದ ಅಳತೆ

ಅಹೇರೊ ಪೇಟೆಯ ಸ್ಟ್ಯಾಂಡಿನಲ್ಲಿ ಬೋಡಾ, ಅಂದರೆ ಬಾಡಿಗೆ ಬೈಕು, ಓಡಿಸುವವರಿಗೆಲ್ಲ ತಲೆಯೂ ಇತ್ತು, ಹೆಲ್ಮೆಟ್ಟೂ ಇತ್ತು. ಎರಡೂ ಒಂದೇ ಕಡೆ ಇರುತ್ತಿದ್ದದ್ದು ಒಮೊಲೊನಲ್ಲಿ ಮಾತ್ರ. ಉಳಿದವರ ಹೆಲ್ಮೆಟ್ಟು ಮೊಣಕೈಗೆ ನೇತಾಡುತ್ತಿತ್ತು, ಪೊಲೀಸರು ಕಂಡಾಗ ತಲೆಗೇರುತ್ತಿತ್ತು.

"ಏನೋ ಒಚೊಲ, ನಿನ್ನ ಮಿದುಳು ಮೊಣಕೈಯಲ್ಲಿದೆಯೇನೋ?" ಅನ್ನುತ್ತಿದ್ದ ಒಮೊಲೊ.

"ಬಂದ್ರಪ್ಪ ಹೆಲ್ಮೆಟ್ ಮೇಷ್ಟ್ರು! ಕೈಕಟ್ಟಿ ಕೂತ್ಕೊಳ್ರೋ, ಪಾಠ ಶುರು."

ಪಾಠ ಶುರುವಾಗಿಯೇ ಆಗುತ್ತಿತ್ತು. ತಲೆ ಅಲ್ಲಾಡಿಸಿದರೆ ಹಣೆಯ ಚರ್ಮವೂ ಹೆಲ್ಮೆಟ್ಟಿನ ಜೊತೆಗೇ ಅಲ್ಲಾಡಬೇಕು. ಪಟ್ಟಿ ಬಿಗಿದ ಮೇಲೆ ಗದ್ದದ ಕೆಳಗೆ ಒಂದು ಬೆರಳು ತೂರಿದರೆ ಹೆಚ್ಚು. ಒಳಗಿನ ಮೆತ್ತೆಯನ್ನು ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು, ಪೆಟ್ರೋಲ್ ಬಟ್ಟೆಯಲ್ಲಿ ಒರೆಸಬಾರದು. ಒಮ್ಮೆ ಜೋರಾಗಿ ಬಿದ್ದದ್ದು ಕೋಳಿಮರಿ ಮುಚ್ಚುವುದಕ್ಕೆ ಸರಿ, ತಲೆಗಲ್ಲ. ಸಡಿಲವೆಂದು ಒಳಗೆ ಬಟ್ಟೆ ತುರುಕುವವನು ಕತ್ತೆ. ಇಷ್ಟು ಹೇಳದೆ ಅವನಿಗೆ ಚಹಾ ಇಳಿಯುತ್ತಿರಲಿಲ್ಲ.

ಹೆಂಡತಿ ಅಕೆಯೊಗೆ ಹೆಲ್ಮೆಟ್ ಕೊಳ್ಳಲು ಕಿಸುಮು ಪಟ್ಟಣದ ಅಂಗಡಿಗೆ ಅವಳನ್ನೇ ಕರೆದುಕೊಂಡು ಹೋಗಿದ್ದ. ಅವಳ ತಲೆತುಂಬ ಸಣ್ಣ ಸಣ್ಣ ಜಡೆ, ಕೊಂಡು ತಂದ ಕೂದಲು ಸೇರಿಸಿ ದಪ್ಪಗೆ ಹೆಣೆಸಿಕೊಂಡದ್ದು. ಅಂಗಡಿಯವನು ಇಳಿಸಿದ್ದೆಲ್ಲ ನೆತ್ತಿಯ ಮೇಲೇ ನಿಲ್ಲುತ್ತಿತ್ತು.

"ಈ ಬುಟ್ಟಿಗೆ ಮುಚ್ಚಳ ಎಲ್ಲಿಂದ ತರ್ಲಿ ಕಣೇ?" ಅಂದ ಒಮೊಲೊ.

"ಮುಚ್ಚಳ ಸಿಗದಿದ್ರೆ ಬಿಡಿ ಮೇಷ್ಟ್ರೇ. ಜಡೆ ಬಿಚ್ಚೋಳಲ್ಲ ನಾನು."

ಕೊನೆಗೆ ಎಲ್ಲಕ್ಕಿಂತ ದೊಡ್ಡದೊಂದು ಜಡೆಯ ಮೇಲೆ ಗಟ್ಟಿಯಾಗಿ ಕೂತಿತು. ಒಮೊಲೊ ಹಿಡಿದು ಅಲ್ಲಾಡಿಸಿದ, ಬೆರಳು ತೂರಿಸಿದ, ಎಲ್ಲ ಸರಿಯಿತ್ತು. ಊರಿಗೆಲ್ಲ ಪಾಠ ಹೇಳುವವನಿಗೆ ಕೂದಲು ಬೇರೆ, ತಲೆ ಬೇರೆ ಅನ್ನುವುದು ಮಾತ್ರ ಹೊಳೆಯಲಿಲ್ಲ.

ಆಮೇಲೆ ತವರೂರು ಕೊರುವಿನಲ್ಲಿ ಅಕೆಯೊಳ ಅಪ್ಪ ತೀರಿಕೊಂಡ. ಮಣ್ಣು ಮಾಡಿದ ಮೇಲೆ ಮಕ್ಕಳು ತಲೆ ಬೋಳಿಸಿಕೊಳ್ಳುವುದು ಅವರಲ್ಲಿ ಪದ್ಧತಿ. ಅಂಗಳದಲ್ಲಿ ಸಾಲಾಗಿ ಕೂರಿಸಿ, ಜಡೆಗಳನ್ನು ಕತ್ತರಿಸಿ, ಬ್ಲೇಡಿನಿಂದ ನುಣ್ಣಗೆ ಕೆರೆದರು. ಕೆರೆದಾದ ಮೇಲೆ ಸೋದರತ್ತೆ ಕೂರಲು ಬಿಡಲಿಲ್ಲ.

"ಹೊರಡ್ರಿ, ಹೊರಡ್ರಿ. ಕೊಟ್ಟ ಹೆಣ್ಣು ಬೋಳುತಲೆಯಲ್ಲಿ ತವರಲ್ಲಿ ಹೊತ್ತು ಮುಳುಗಿಸಬಾರದು."

ಬೈಕಿನ ಹತ್ತಿರ ಬಂದು ಅಕೆಯೊ ಹೆಲ್ಮೆಟ್ ಹಾಕಿಕೊಂಡಳು. ಅದು ಮೂಗಿನವರೆಗೆ ಜಾರಿ ಗಿರ್ರನೆ ತಿರುಗಿತು.

"ಅಯ್ಯೋ ಮೇಷ್ಟ್ರೇ, ಗಡಿಗೆಯಲ್ಲಿ ನಿಂಬೆಹಣ್ಣು ಹಾಕಿದ ಹಾಗಾಯ್ತಲ್ರೀ!" ಅಂದು ನಕ್ಕಳು.

ಅಪ್ಪ ಸತ್ತ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಆ ನಗು ಕಂಡು ಒಮೊಲೊನ ಎದೆ ಹಗುರಾಯಿತು, ಬುದ್ಧಿಯೂ ಹಗುರಾಯಿತು. ಅವಳ ತಲೆವಸ್ತ್ರವನ್ನು ಮಡಚಿ ಹೆಲ್ಮೆಟ್ಟಿನೊಳಗೆ ತುರುಕಿದ, ಪಟ್ಟಿಯನ್ನು ಕೊನೆಯವರೆಗೂ ಎಳೆದ. ತಪ್ಪೆಂದು ಅವನಿಗೆ ಗೊತ್ತಿತ್ತು. ನಾಳೆ ಬೇರೆ ತಂದರಾಯಿತು ಅಂದುಕೊಂಡ.

ಮುಹೊರೊನಿ ಪೇಟೆ ದಾಟಿದ ಮೇಲೆ, ಕಬ್ಬಿನ ಗದ್ದೆಗಳ ನಡುವೆ ಮೇಕೆಯೊಂದು ಅಡ್ಡ ಬಂತು. ಬ್ರೇಕು ಹಿಡಿದ ರಭಸಕ್ಕೆ ಬೈಕು ಮಗುಚಿತು. ಮೊದಲು ಹಾರಿದ್ದು ಅವಳ ಹೆಲ್ಮೆಟ್ಟು, ಆಮೇಲೆ ಅವಳು. ಒಮೊಲೊನಿಗೆ ಅಂಗೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಕಬ್ಬಿನ ಬುಡದಲ್ಲಿ ಸಿಕ್ಕ ಹೆಲ್ಮೆಟ್ಟಿಗೆ ಒಂದು ಗೀರೂ ಇರಲಿಲ್ಲ. ಅದನ್ನು ಅವನು ಅಲ್ಲೇ ಕಲ್ಲಿಗೆ ಕುಕ್ಕಿ ಕುಕ್ಕಿ ಒಡೆದ.

ಕಿಸುಮುವಿನ ಆಸ್ಪತ್ರೆಯಲ್ಲಿ ಅಕೆಯೊ ಬಹಳ ದಿನ ಕಣ್ಣು ಬಿಡಲಿಲ್ಲ. ಬಿಟ್ಟ ಮೇಲೆ ಮಾತಾಡಲಿಲ್ಲ. ಗೋಡೆ ನೋಡುವ ಹಾಗೆಯೇ ಗಂಡನನ್ನೂ ನೋಡುತ್ತಿದ್ದಳು. ಗಂಜಿ ಕೊಟ್ಟರೆ ಕುಡಿಯುತ್ತಿದ್ದಳು, ನಡೆಸಿದರೆ ನಡೆಯುತ್ತಿದ್ದಳು.

"ಗಾಯ ಮಾಯ್ತಪ್ಪ," ಅಂದರು ಡಾಕ್ಟರಮ್ಮ. "ಮಾತು, ನೆನಪು ನನ್ನ ಕೈಲಿಲ್ಲ. ಬಂದ್ರೆ ಬಂತು. ಸುಳ್ಳು ಆಸೆ ಹುಟ್ಟಿಸೋಳಲ್ಲ ನಾನು."

ಅವಳು ತನ್ನನ್ನು ಒಮ್ಮೆ ಗುರುತಿಸಿದರೆ ಸಾಕಿತ್ತು ಅವನಿಗೆ. ಗುರುತಿಸಿ ಬೈದರೂ ಸರಿ, ಬಿಟ್ಟುಹೋಗುತ್ತೇನೆ ಅಂದರೂ ಸರಿ.

ಮನೆಗೆ ಕಳಿಸಿದ ದಿನ ಅವಳನ್ನು ಊರಿಗೆ ಹೋಗುವ ಬಾಡಿಗೆ ವ್ಯಾನಿಗೆ ಹತ್ತಿಸಿದ. ಬಾಗಿಲು ಮುಚ್ಚಿದ್ದೇ ತಡ, ಉಸಿರು ಕಟ್ಟಿದವಳಂತೆ ಕಿರುಚಿದಳು. ಜನ ಗೊಣಗಿದರು, ಇಳಿಸಿದರು. ಉಳಿದದ್ದು ಗೇಟಿನ ಹೊರಗೆ ನಿಲ್ಲಿಸಿದ್ದ ಬೈಕು. ಪಕ್ಕದ ಅಂಗಡಿಯಲ್ಲಿ ಈ ಸಲ ಚಿಕ್ಕದೊಂದು ಹೆಲ್ಮೆಟ್ ಆರಿಸಿದ. ಗಾಯದ ಗುರುತಿಗೆ ತಾಗದಂತೆ ಮೆಲ್ಲಗೆ ತೊಡಿಸಿದ. ಹಣೆಯ ಚರ್ಮ ನೋಡಿದ, ಹಿಂದಿನಿಂದ ಎತ್ತಿ ನೋಡಿದ, ಗದ್ದದ ಕೆಳಗೆ ಬೆರಳು ತೂರಿಸಿದ.

ಅಕೆಯೊಳ ಕಣ್ಣಿಗೆ ಇದ್ದಕ್ಕಿದ್ದಂತೆ ಕಳೆ ಬಂತು. ಬೈಕನ್ನು ನೋಡಿದಳು, ಅವನನ್ನು ನೋಡಿದಳು.

"ಅಣ್ಣಾ, ಅಹೇರೊಗೆ ಬಿಡ್ತೀರಾ?"

ಮಾತು ಬಂತು! ಊರಿನ ಹೆಸರೂ ಬಂತು! ಒಮೊಲೊನಿಗೆ ಕುಣಿಯುವಂತಾಯಿತು. "ಬಿಡ್ತೀನಿ ಕಣೇ, ಬಿಡ್ದೆ ಇರ್ತೀನಾ! ನಾನ್ಯಾರು ಹೇಳು ನೋಡೋಣ?"

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ಏನ್ರೀ ಅದು ಕಣೇ ಗಿಣೇ ಅಂತ? ನಮ್ಮನೆಯವರೂ ಬೋಡಾ ಓಡ್ಸೋರೇ. ಹೇಳಿಬಿಡ್ತೀನಿ ನೋಡಿ."

ಒಮೊಲೊ ತನ್ನ ಹೆಲ್ಮೆಟ್ ತೆಗೆದು ಮುಖವನ್ನು ಅವಳ ಮುಂದೆ ಹಿಡಿದ. ಅವಳು ಚೆನ್ನಾಗಿಯೇ ನೋಡಿದಳು.

"ಹಾಕ್ಕೊಳ್ಳಿ ಅಣ್ಣಾ. ಹೆಲ್ಮೆಟ್ ಇಲ್ದೆ ಓಡ್ಸೋರ ಬೈಕ್ ಹತ್ತಿದ್ರೆ ನಮ್ಮನೆಯವರು ಬೈತಾರೆ."

"ಆಯ್ತಮ್ಮ," ಅಂದ.

ದಾರಿಯುದ್ದಕ್ಕೂ ಅವಳು ಅವನ ಸೊಂಟ ಹಿಡಿಯಲಿಲ್ಲ. ಹಿಂದಿನ ಕಂಬಿ ಹಿಡಿದು, ಪರಪುರುಷನ ಹಿಂದೆ ಕೂರುವಂತೆ ನಡುವೆ ಜಾಗ ಬಿಟ್ಟು ಕೂತಿದ್ದಳು. ಅಹೇರೊ ಸ್ಟ್ಯಾಂಡು ಕಂಡದ್ದೇ ಇಳಿದಳು. ಒಚೊಲನನ್ನು ಗುರುತು ಹಿಡಿದು ನಗುತ್ತ ಹತ್ತಿರ ಹೋದಳು.

"ಒಚೊಲ, ನಮ್ಮ ಮೇಷ್ಟ್ರು ಎಲ್ಲೋ? ಕಾಣ್ತಾನೇ ಇಲ್ವಲ್ಲೋ?"

ಒಚೊಲ ಬಾಯಿ ತೆರೆದ, ಒಮೊಲೊನ ಕಡೆ ನೋಡಿದ, ಮುಚ್ಚಿಕೊಂಡ. ಅವಳು ಸ್ಟ್ಯಾಂಡಿನಲ್ಲಿದ್ದ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಗಾಬರಿಯಾಗತೊಡಗಿದಳು.

"ಬಾಡಿಗೆಗೆ ಹೋಗಿದಾರಮ್ಮ," ಅಂದ ಒಮೊಲೊ. "ಬರ್ತಾರೆ. ಕೂತಿರಿ."