ಕುಮುದಿನಿಯ ಫೋಟೋದ ಬಿಳಿ ಕಲೆ

ರಾಫೆಲ್ ತುಂಬಾ ಪ್ರಾಮಾಣಿಕ. ತೊಂದರೆ ಶುರುವಾದದ್ದೇ ಅಲ್ಲಿಂದ. ಕೊಡಿಯಾಲ್‌ಬೈಲಿನ ಅವನ ಸ್ಟುಡಿಯೋದಲ್ಲಿ ಮೊಡವೆ ಮಾಯ ಮಾಡಲು, ಬೋಳುತಲೆಗೆ ನಾಲ್ಕು ಕೂದಲು ಬರೆಯಲು ಒಂದು ಸಣ್ಣ ಬ್ರಷ್ ಇತ್ತು. ಮದುವೆ ಸಂಬಂಧಕ್ಕೆ ಕಳಿಸುವ ಫೋಟೋಗೆ ಮಾತ್ರ ಅವನು ಅದನ್ನು ಮುಟ್ಟಿಸುತ್ತಿರಲಿಲ್ಲ. ಹಿಂದೊಮ್ಮೆ ಒಬ್ಬಳ ಮೆಳ್ಳೆಗಣ್ಣು ನೇರ ಮಾಡಿ ಕೊಟ್ಟದ್ದಕ್ಕೆ, ಮದುವೆ ಮುಗಿದ ಮೇಲೆ ಮದುಮಗನ ಅಣ್ಣಂದಿರು ಬಂದು ಅವನ ಕಾಲರ್ ಹಿಡಿದಿದ್ದರು. ಅಂದಿನಿಂದ ದೇವರು ಕೊಟ್ಟದ್ದು ಕೊಟ್ಟ ಹಾಗೇ ಇರಲಿ ಎಂಬ ವ್ರತ ಹಿಡಿದಿದ್ದ.

ಐವತ್ತೆಂಟರ ಡಿಸೆಂಬರಿನಲ್ಲಿ ಹೊಯಿಗೆಬಜಾರಿನ ಮೀನು ಮಾರುವ ರತ್ನಾವತಿಯ ಮನೆಯಂಗಳಕ್ಕೆ ಹೋಗಿ, ಅವಳ ಮಗಳು ಕುಮುದಿನಿಯ ಫೋಟೋ ತೆಗೆದ. ಪ್ರಿಂಟು ಹಾಕಿದಾಗ ಹುಡುಗಿಯ ಕುತ್ತಿಗೆಯಲ್ಲಿ, ಕಿವಿಯ ಕೆಳಗೆ, ನಾಲ್ಕಾಣೆಯಗಲದ ಬಿಳಿ ಕಲೆ ಕಾಣಿಸಿತು. ಹೆಣ್ಣುಮಕ್ಕಳನ್ನು ನೆಟ್ಟು ನೋಡುವ ಚಾಳಿ ಅವನಿಗಿರಲಿಲ್ಲ, ಹಾಗಾಗಿ ಅಂಗಳದಲ್ಲಿ ಅವಳ ಕುತ್ತಿಗೆ ಗಮನಿಸಿರಲೇ ಇಲ್ಲ. ಅಯ್ಯೋ ಪಾಪ, ಈ ಹುಡುಗಿಗೆ ತೊನ್ನು ಎಂದು ಮರುಗಿದ. ವ್ರತ ಮುರಿಯಲಿಲ್ಲ. ಫೋಟೋವನ್ನು ಲಕೋಟೆಗೆ ಹಾಕಿ, ಅಂಟಿಸಿ, ಸಂಬಂಧ ತಂದವರ ಕೈಗೇ ಕೊಟ್ಟುಬಿಟ್ಟ.

ಒಂದು ವಾರ ಕಳೆದಿರಲಿಲ್ಲ, ರತ್ನಾವತಿ ಮಗಳ ಕೈ ಹಿಡಿದು ಎಳೆದುಕೊಂಡು ಸ್ಟುಡಿಯೋಗೆ ನುಗ್ಗಿದಳು. ಕ್ರೈಸ್ತರನ್ನು ಮರ್ಯಾದೆಗೆ ಪೊರ್ಬು ಎನ್ನುವುದು ಊರಿನ ರೂಢಿ; ಸಿಟ್ಟಿನಲ್ಲೂ ಅವಳು ಅದನ್ನು ಬಿಡಲಿಲ್ಲ.

"ಪೊರ್ಬುಗಳೇ, ನೋಡಿ ಇವಳ ಕುತ್ತಿಗೆ! ಸರಿಯಾಗಿ ನೋಡಿ! ಎಲ್ಲುಂಟು ತೊನ್ನು?"

ರಾಫೆಲ್ ನೋಡಿದ. ಕುತ್ತಿಗೆ ತೊಳೆದ ಹಿತ್ತಾಳೆಯಷ್ಟು ಸ್ವಚ್ಛವಾಗಿತ್ತು.

"ಬೈಕಂಪಾಡಿಯ ತುಕ್ರ ಗುರಿಕಾರರ ಸೋದರಳಿಯ ವಾಸುವಿಗೆ ಅಂತ ಮಾತಾಗಿತ್ತು. ಫೋಟೋ ನೋಡಿ ಬೇಡ ಅಂದ್ರು. ಕರೆದುಕೊಂಡು ಬಂದು ತೋರಿಸ್ತೇನೆ ಅಂದ್ರೆ, ಪೌಡರು ಬಳಿದುಕೊಂಡು ಬರ್ತೀರಿ, ಫೋಟೋ ಸುಳ್ಳು ಹೇಳ್ತದಾ ಅಂತಾರೆ! ಇನ್ನೂ ಇಬ್ಬರು ಹೆಣ್ಣುಮಕ್ಕಳುಂಟು ನನಗೆ. ಊರಿಡೀ ಸುದ್ದಿಯಾದ್ರೆ ಅವರನ್ನು ಯಾರು ಕೇಳ್ತಾರೆ?" ರತ್ನಾವತಿ ಬೆಂಚಿನ ಮೇಲೆ ಕುಸಿದು ಕೂತು ಅತ್ತಳು.

ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಕಟ್ಟಿನ ಮನೆಗಳಲ್ಲಿ ಸೋದರಮಾವ ಹೇಳಿದ್ದೇ ಕೊನೆ ಮಾತು. ಅದರಲ್ಲೂ ಈ ಮಾವ ಊರಿನ ಗುರಿಕಾರ, ಮೀನುಗಾರ ಮೊಗವೀರರ ಮುಖಂಡ. ಇನ್ನು ಕೇಳಬೇಕೇ!

"ತಪ್ಪು ನನ್ನ ಕ್ಯಾಮರಾದ್ದು ರತ್ನಾವತಿಯಕ್ಕ. ಎಲ್ಲೋ ಬೆಳಕು ಸೋರಿದೆ. ಈಗಲೇ ತೋರಿಸ್ತೇನೆ," ಎಂದು ರಾಫೆಲ್ ಮಡಚುವ ಜರ್ಮನ್ ಕ್ಯಾಮರಾಕ್ಕೆ ಹೊಸ ರೋಲು ಹಾಕಿದ. ಕುಮುದಿನಿಯನ್ನು ಪರದೆಯ ಮುಂದೆ ಕೂರಿಸಿ ಫೋಟೋ ತೆಗೆದು, ಕತ್ತಲೆಕೋಣೆಗೆ ಹೋಗಿ ತೊಳೆದು ತಂದ. ಕಲೆಯೇ ಇಲ್ಲ! ಇನ್ನೊಂದು ತೆಗೆದ. ಅದೂ ಶುದ್ಧ. ಬೇರೆ ದಿನವಾಗಿದ್ದರೆ ಖುಷಿಪಡುತ್ತಿದ್ದ. ಈಗ ಎರಡೂ ಪ್ರಿಂಟುಗಳನ್ನು ಮತ್ತೆ ಮತ್ತೆ ದೀಪಕ್ಕೆ ಹಿಡಿದು ನೋಡಿದ. ಕ್ಯಾಮರಾ ಸರಿಯಿದ್ದರೆ ಆ ಕಲೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಏನು ಹೇಳುವುದು?

ಪರದೆಯ ಮುಂದೆ ಕೂತಿದ್ದ ಕುಮುದಿನಿ ಮೆಲ್ಲಗೆ ಹೇಳಿದಳು: "ಇಲ್ಲಿ ತಂಪುಂಟು. ಆವತ್ತು ಅಂಗಳದಲ್ಲಿ ಎಂತ ಬಿಸಿಲು! ನಾನು ನಾಚಿಕೊಂಡು ಒಳಗೆ ಓಡಿದ್ದು, ಅಜ್ಜಿ ಪುನಃ ಎಳೆದುಕೊಂಡು ಬಂದದ್ದು... ನೀವು ಪಾಪ ಅಲ್ಲೇ ಕಾಯ್ತಾ ಇದ್ರಿ."

ಅಷ್ಟು ಸಾಕಾಯಿತು. ಅವನು ಕಾದಿದ್ದೇನೋ ಸರಿ, ಸ್ಟ್ಯಾಂಡಿನ ಮೇಲೆ ಬಿಚ್ಚಿಟ್ಟ ಕ್ಯಾಮರಾವೂ ಬಿಸಿಲಲ್ಲೇ ಕಾದಿತ್ತು! ಸ್ಟುಡಿಯೋದ ದೀಪಗಳು ಬೀಳುವುದು ಕೂತವರ ಮೇಲೆ, ಕ್ಯಾಮರಾ ಇರುವುದು ನೆರಳಿನಲ್ಲಿ. ಅಂಗಳದ ಸೂರ್ಯ ಹಾಗಲ್ಲ. ಒಂದೇ ಬದಿಯಿಂದ ಅಷ್ಟು ಹೊತ್ತು ಕ್ಯಾಮರಾವನ್ನು ಚುಚ್ಚಿದ್ದಾನೆ.

ರಾಫೆಲ್ ಕತ್ತಲೆಕೋಣೆಗೆ ಓಡಿದ. ಕ್ಯಾಮರಾದ ಬೆನ್ನು ತೆಗೆದು, ಒಳಗೆ ಸಣ್ಣ ಟಾರ್ಚ್ ಇಟ್ಟು, ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಕೆ ಮಡಿಕೆಯಾಗಿದ್ದ ಕಪ್ಪು ಚರ್ಮವನ್ನು ಪೂರ್ತಿ ಎಳೆದು ತಿರುಗಿಸಿ ನೋಡಿದ. ಒಂದು ಮಡಿಕೆಯ ಮೂಲೆಯಲ್ಲಿ ಸೂಜಿಮೊನೆಯಷ್ಟು ಬೆಳಕು ಮಿನುಗಿತು. ಹಳೆಯ ತೂತಿಗೆ ಅವನೇ ಗಂಜಿಯಲ್ಲಿ ಅಂಟಿಸಿದ್ದ ಕಪ್ಪು ಕಾಗದವನ್ನು ಜಿರಳೆ ತಿಂದು ತೇಗಿತ್ತು. "ಸಿಕ್ಕಿತು ಮಾರಾಯ್ರೇ, ಸಿಕ್ಕಿತು!" ಎಂದು ಕೂಗಿದ. ಕಳ್ಳ ಸಿಕ್ಕಿದರೆ ಪೊಲೀಸನಿಗೂ ಅಷ್ಟು ಸಂತೋಷವಾಗಲಿಕ್ಕಿಲ್ಲ.

"ಮುಚ್ಚಿಬಿಡಿ ಆ ದರಿದ್ರ ತೂತನ್ನು!" ಎಂದಳು ರತ್ನಾವತಿ.

"ಬೇಡ. ಮುಚ್ಚಿದರೆ ಗುರಿಕಾರರು ನಂಬಲಿಕ್ಕಿಲ್ಲ."

ಮರುದಿನ ಬೆಳಿಗ್ಗೆ ರಾಫೆಲ್ ಬೈಕಂಪಾಡಿಯಲ್ಲಿದ್ದ. ಫೋಟೋ ತೆಗೆಯಲು ಬಂದಿದ್ದೇನೆ, ಪುಕ್ಕಟೆ ಎಂದಾಗ ಗುರಿಕಾರರ ಮೀಸೆ ಅರಳಿತು. ರಾಫೆಲ್ ಅವರನ್ನು ಕುಮುದಿನಿ ನಿಂತ ಹಾಗೆಯೇ ಬಿಸಿಲಿಗೆ ನಿಲ್ಲಿಸಿದ. ಕುತ್ತಿಗೆ ಅದೇ ಜಾಗಕ್ಕೆ ಬರುವಂತೆ ಕ್ಯಾಮರಾ ಇಟ್ಟ. ಆಮೇಲೆ ಶುರುವಾಯಿತು ಸತಾಯಿಸುವುದು. ಮುಂಡಾಸು ಸ್ವಲ್ಪ ಓರೆ. ಶಾಲು ಈ ಹೆಗಲಿಗೆ ಬರಲಿ. ಗಲ್ಲ ಮೇಲೆ. ಕ್ಯಾಮರಾ ಬಿಸಿಲು ಕುಡಿಯುತ್ತಲೇ ಇತ್ತು. ಕೊನೆಗೆ ಒಂದು ಫೋಟೋ ತೆಗೆದ. ಕೂಡಲೇ ತಿದಿಗೆ ಕಪ್ಪು ಬಟ್ಟೆ ಸುತ್ತಿ, ಫಿಲ್ಮು ಮುಂದೆ ತಿರುಗಿಸಿ, ಇನ್ನೊಂದು ತೆಗೆದ.

ಮಾರನೆಯ ದಿನ ಅವನು ಮೊದಲ ಪ್ರಿಂಟನ್ನು ಗುರಿಕಾರರ ಕೈಗಿಟ್ಟ. ಅವರ ಕುತ್ತಿಗೆಯಲ್ಲಿ, ಕಿವಿಯ ಕೆಳಗೆ, ನಾಲ್ಕಾಣೆಯಗಲದ ಬಿಳಿ ಕಲೆ.

"ಎಂತದಿದು?" ಗುರಿಕಾರರು ಕುತ್ತಿಗೆ ಉಜ್ಜಿಕೊಂಡರು. ಮತ್ತೆ ಉಜ್ಜಿಕೊಂಡರು. ಒಳಗೆ ಹೋಗಿ ಕನ್ನಡಿ ನೋಡಿ ಬಂದರು. ಬಾಗಿಲಲ್ಲಿದ್ದ ಅವರ ಅಕ್ಕ, ವಾಸುವಿನ ತಾಯಿ, ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. "ನಿನಗೂ ಬಂತಾ ತಮ್ಮ? ಫೋಟೋ ಸುಳ್ಳು ಹೇಳುವುದಿಲ್ಲ ಅಂದವನು ನೀನೇ ಅಲ್ಲವಾ?"

ರಾಫೆಲ್ ಬಟ್ಟೆ ಸುತ್ತಿ ತೆಗೆದ ಎರಡನೆಯ ಪ್ರಿಂಟನ್ನು ಪಕ್ಕದಲ್ಲಿಟ್ಟು, ತಿದಿಯ ತೂತಿಗೆ ಗುರಿಕಾರರ ಬೆರಳನ್ನೇ ಮುಟ್ಟಿಸಿದ. "ಈ ತೂತು ನನ್ನದು ಗುರಿಕಾರ್ರೇ. ಆ ಹುಡುಗಿಯದ್ದಲ್ಲ. ಅದನ್ನು ನೋಡಿಯೂ ಕೇಳದೆ ಕೊಟ್ಟವನು ನಾನು. ಬೈಯುವುದಾದರೆ ನನಗೆ ಬೈಯಿರಿ."

ಗುರಿಕಾರರು ತೂತಿನ ಸುತ್ತ ಬೆರಳಾಡಿಸಿ, ಎರಡೂ ಪ್ರಿಂಟುಗಳನ್ನು ಹೋಲಿಸಿ ನೋಡಿದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ ಎಂದು ಗೊಣಗಿ, ಕಡೆಗೆ ಅಂಗಿ ಹಾಕಿಕೊಂಡರು.

ಅಂದೇ ಸಂಜೆ ಅವರು ಹೊಯಿಗೆಬಜಾರಿನ ರತ್ನಾವತಿಯ ಮನೆ ಜಗಲಿಯಲ್ಲಿ ಕೂತು ಒಂದು ಲೋಟ ನೀರು ಪೂರ್ತಿ ಕುಡಿದು, "ನನ್ನಿಂದ ತಪ್ಪಾಯ್ತು ತಂಗಿ. ವಾಸುವಿಗೆ ನಿನ್ನ ಮಗಳನ್ನು ಕೊಡಬೇಕು," ಎಂದರು. ರತ್ನಾವತಿಗೆ ಹೋದ ಜೀವ ಬಂದಂತಾಯಿತು. ಆಗಲಿ ಎನ್ನಲು ಬಾಯಿ ತೆರೆದಿದ್ದಳು. ಕಂಬದ ಪಕ್ಕ ನಿಂತಿದ್ದ ರಾಫೆಲ್ ತನ್ನ ಪಾಪ ತೊಳೆಯಿತೆಂದು ಶಿಲುಬೆಯ ಗುರುತು ಮಾಡಿಕೊಂಡ. ಹಾರಲು ರೆಕ್ಕೆಯೊಂದು ಕಡಿಮೆ, ಅಷ್ಟು ಹಗುರಾಗಿದ್ದ.

"ಇಷ್ಟೆಲ್ಲ ಆದ ಮೇಲೆ ಹುಡುಗನದ್ದೂ ಒಂದು ಒಳ್ಳೆ ಫೋಟೋ ತೆಗೆದು ತರ್ತೇನೆ, ತೂತು ಮುಚ್ಚಿ," ಎಂದ ಉತ್ಸಾಹದಲ್ಲಿ.

"ಫೋಟೋ ಬೇಡ ಪೊರ್ಬುಗಳೇ," ಒಳಗಿನಿಂದ ಕುಮುದಿನಿಯ ಧ್ವನಿ ಬಂತು. ಬಾಗಿಲು ದಾಟಿ ಬೆಳಕಿಗೆ ಬಂದು, ಮುಡಿಯನ್ನು ಮೇಲೆತ್ತಿ ಕಟ್ಟಿ, ಕುತ್ತಿಗೆ ಎಲ್ಲರಿಗೂ ಕಾಣುವಂತೆ ಗುರಿಕಾರರೆದುರು ನಿಂತಳು. "ಹುಡುಗನೇ ಬರಲಿ. ಅಂಗಳದಲ್ಲಿ, ಬಿಸಿಲಲ್ಲಿ ನಿಲ್ಲಲಿ. ನಾನು ನೋಡಿ ಹೇಳ್ತೇನೆ."