ಎಡಗಡೆ ಟ್ಯಾಂಕಿನ ಮುಚ್ಚಳ

ಆ ಮುಚ್ಚಳ ಹಾಕಿದ್ದು ನಾನೋ ನನ್ನ ಗಂಡನೋ ಎಂಬುದು ಇವತ್ತಿಗೂ ಬಗೆಹರಿದಿಲ್ಲ. ನಾನೇ ಹಾಕಿದೆ ಎಂದುಕೊಂಡರೆ ಬೆರಳಿಗೆ ತಣ್ಣನೆಯ ಲೋಹ ತಗುಲಿದ ಹಾಗಾಗುತ್ತದೆ. ಅವರು ಹಾಕಿದರು ಎಂದುಕೊಂಡರೆ ಏಣಿಯ ಮೇಲೆ ನಿಂತ ಅವರ ಬೆನ್ನು ಕಣ್ಣಿಗೆ ಕಟ್ಟುತ್ತದೆ. ಎರಡೂ ಅಷ್ಟೇ ಸ್ಪಷ್ಟ. ಬಹುಶಃ ಎರಡೂ ನಡೆದಿವೆ, ಬೇರೆ ಬೇರೆ ದಿನ. ಬೇಕಾದ ದಿನ ಮಾತ್ರ ಎರಡೂ ನಡೆದಿಲ್ಲ.

ನಮ್ಮದು ನಾಲ್ಕು ಸೀಟಿನ ಪುಟ್ಟ ವಿಮಾನ. ತಲೆಯ ಮೇಲೆ ರೆಕ್ಕೆ, ಮೂತಿಯಲ್ಲಿ ಒಂದೇ ಎಂಜಿನ್. ವಯಸ್ಸಿನಲ್ಲಿ ನನಗಿಂತ ಐದಾರು ವರ್ಷವಷ್ಟೇ ಚಿಕ್ಕದು. ಅದನ್ನು ರಿಪೇರಿ ಮಾಡುವ ಮೆಕ್ಯಾನಿಕ್ ಅದಕ್ಕೆ ‘ಮುದುಕಿ’ ಎನ್ನುತ್ತಾನೆ. ಅವನನ್ನು ಏರ್‌ಫೀಲ್ಡಿನಲ್ಲಿ ಎಲ್ಲರೂ ಗ್ರೀಸಣ್ಣ ಎನ್ನುತ್ತಾರೆ, ಅದಕ್ಕೆ ಕಾರಣ ಹೇಳಬೇಕಾಗಿಲ್ಲ. ನನ್ನ ಗಂಡ ಹಲ್ಲಿನ ಡಾಕ್ಟರು. ನಾನು ನೀರು ಸರಬರಾಜು ಕಚೇರಿಯಲ್ಲಿ ಕೊಳವೆಗಳ ನಕ್ಷೆ ಬರೆಯುವವಳು. ನಲವತ್ತು ದಾಟಿದ ಮೇಲೆ ಇಬ್ಬರೂ ಒಟ್ಟಿಗೆ ಹಾರಲು ಕಲಿತು, ಒಂದೇ ವಾರದಲ್ಲಿ ಲೈಸೆನ್ಸ್ ಪಡೆದೆವು.

ಸ್ವಂತ ವಿಮಾನ ಇದೆ ಎಂದು ಕೇಳಿದವರು ನಾವು ಮೋಡದ ಮೇಲೆ ಕಾಲು ಚಾಚಿ ಕೂತಿರುತ್ತೇವೆ ಅಂದುಕೊಳ್ಳುತ್ತಾರೆ. ಗಂಟೆ ಹೊತ್ತು ಹಾರಬೇಕಾದರೆ ಅದರ ಎರಡರಷ್ಟು ಹೊತ್ತು ನೆಲದ ಮೇಲೆ ಬಗ್ಗಿ, ತೆವಳಿ, ಇಣುಕಿ ನೋಡಬೇಕು ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಟೈರು ಒತ್ತಿ ನೋಡಬೇಕು. ರೆಕ್ಕೆಯ ಕೀಲುಗಳನ್ನು ಅಲ್ಲಾಡಿಸಬೇಕು. ಎಂಜಿನ್ನಿನ ಬಾಯಲ್ಲಿ ಹಕ್ಕಿ ಗೂಡು ಕಟ್ಟಿದೆಯೇ ಎಂದು ಟಾರ್ಚು ಬಿಡಬೇಕು. ಒಂದು ಸಲ ಎರಡು ದಿನದಲ್ಲಿ ಕಟ್ಟಿಬಿಟ್ಟಿತ್ತು. ಇಷ್ಟಾದ ಮೇಲೆ ಪೆಟ್ರೋಲು.

ವಿಮಾನದ ಪೆಟ್ರೋಲಿಗೆ ತೆಳುವಾದ ನೀಲಿ ಬಣ್ಣ ಬೆರೆಸಿರುತ್ತಾರೆ. ಟ್ಯಾಂಕಿಗೆ ನೀರು ಸೇರಿದರೆ ಅದು ಭಾರ, ತಳಕ್ಕೆ ಇಳಿಯುತ್ತದೆ. ರೆಕ್ಕೆಯಡಿಯ ಸಣ್ಣ ತೂತಿಗೆ ಪಾರದರ್ಶಕ ಬಟ್ಟಲನ್ನು ಒತ್ತಿದರೆ ತಳದಲ್ಲಿರುವುದು ಕೆಳಗೆ ಬರುತ್ತದೆ. ಕೆಳಗೆ ಬಣ್ಣವಿಲ್ಲದ್ದು, ಮೇಲೆ ನೀಲಿ, ನಡುವೆ ಒಂದು ಗೆರೆ ಕಂಡರೆ ನೀರಿದೆ ಎಂದರ್ಥ. ಗೆರೆ ಕಾಣದಿದ್ದರೆ? ಎಲ್ಲ ಸರಿಯಿದೆ ಎಂದುಕೊಳ್ಳುವವರೇ ಹೆಚ್ಚು. ಆದರೆ ಬಟ್ಟಲಿನಲ್ಲಿರುವುದು ಪೂರ್ತಿ ಪೆಟ್ರೋಲಾದರೂ ಗೆರೆ ಕಾಣುವುದಿಲ್ಲ, ಪೂರ್ತಿ ನೀರಾದರೂ ಕಾಣುವುದಿಲ್ಲ. ಬಟ್ಟಲನ್ನು ರೆಕ್ಕೆಯ ಬಿಳಿ ಬಣ್ಣಕ್ಕೆ ಹಿಡಿದು ನೋಡಬೇಕು, ಆಕಾಶಕ್ಕೆ ಹಿಡಿಯಬಾರದು, ಆಕಾಶಕ್ಕೆ ಹಿಡಿದರೆ ನೀರೂ ನೀಲಿಯೇ. ಆಮೇಲೆ ಮೂಸಬೇಕು. ಇದನ್ನೆಲ್ಲ ನನಗೆ ತಿದ್ದಿ ತೀಡಿ ಕಲಿಸಿದವರು ಅವರೇ. ಹೋದ ವರ್ಷದ ಜ್ವರದ ನಂತರ ನನಗೆ ವಾಸನೆ ತಿಳಿಯುವುದಿಲ್ಲ. ಅದಕ್ಕೆ ನಾನು ಒಂದು ಹನಿಯನ್ನು ಮುಂಗೈ ಮೇಲೆ ಬಿಟ್ಟುಕೊಳ್ಳುತ್ತೇನೆ. ಪೆಟ್ರೋಲಾದರೆ ಚುರುಕ್ಕನೆ ತಣ್ಣಗಾಗಿ ಹಾರಿಹೋಗುತ್ತದೆ, ನೀರಾದರೆ ಕೂತೇ ಇರುತ್ತದೆ.

ಇನ್ನೊಂದು ನಿಯಮ ನಮ್ಮ ಮನೆಯದು: ತೆಗೆದವರೇ ಮುಚ್ಚಬೇಕು. ಡಬ್ಬಿಯಾಗಲಿ, ಬಾಗಿಲಾಗಲಿ, ಟ್ಯಾಂಕಾಗಲಿ.

ಈ ಮುಚ್ಚಳದ ಪ್ರಸಂಗಕ್ಕೆ ಮೂರು ವಾರ ಹಿಂದೆ ನಾವು ಹಾರಿ ವಾಪಸು ಬರುತ್ತಿದ್ದಾಗ ರೇಡಿಯೋದಲ್ಲಿ ಕಂಟ್ರೋಲ್ ಟವರಿನವರು ನಮ್ಮ ಎತ್ತರ ಕೇಳಿದರು. ನನ್ನ ಗಂಡ ಉತ್ತರ ಕೊಡಲಿಲ್ಲ. ಎರಡನೇ ಸಲ ಕೇಳಿದರೂ ಮುಂದೆಯೇ ನೋಡುತ್ತ ಕೂತಿದ್ದರು. ಕೊನೆಗೆ ನಾನು ಹೇಳಿದೆ. ಇಳಿದ ಮೇಲೆ ಅವರು ಆ ಮಾತೇ ಎತ್ತಲಿಲ್ಲ. ಆ ಸಂಜೆ ನಾನು ಅವರ ಕ್ಲಿನಿಕ್ಕಿನ ಚೀಟಿಯೊಂದರ ಹಿಂದೆ ಅದನ್ನು ಬರೆದಿಟ್ಟೆ. ಬರೆಯಲು ಕೂತ ಮೇಲೆ ಒಂದೊಂದಾಗಿ ಅವರ ಹಳೆಯ ಮರೆವುಗಳೂ ನೆನಪಾದವು. ಒಟ್ಟು ಆರು ಸಾಲಾಯಿತು. ಚೀಟಿ ನನ್ನ ಬ್ಯಾಗಿನಲ್ಲೇ ಇತ್ತು.

ಆದರೆ ಅವರು ಹಲ್ಲಿನೊಳಗಿನ ಕೂದಲೆಳೆಯಷ್ಟು ಸಣ್ಣ ನರವನ್ನು ದಿನವಿಡೀ ಹುಡುಕಿ ಹಿಡಿಯುವವರು. ಅಂಥ ಕೈಯನ್ನು ಅನುಮಾನಿಸುವ ನಾನು ಯಾರು? ಪೈಲಟ್‌ಗಳಿಗೆ ಕಡ್ಡಾಯವಾದ ಆರೋಗ್ಯ ತಪಾಸಣೆಗೆ ಇನ್ನು ಎರಡು ತಿಂಗಳಿತ್ತು. ‘ತೊಂದರೆ ಏನಾದರೂ?’ ಎಂದು ಕೇಳುತ್ತಾರೆ, ‘ಏನಿಲ್ಲ’ ಎಂದು ಇವರು ಹೇಳುತ್ತಾರೆ. ನಾನು ಬಾಯಿಬಿಟ್ಟು ಅದು ತಪ್ಪಾಗಿದ್ದರೆ ನಾನೇ ಅವರ ರೆಕ್ಕೆ ಕತ್ತರಿಸಿದ ಹಾಗೆ. ಸುಮ್ಮನಿದ್ದು ನನ್ನ ಅನುಮಾನ ಸರಿಯಾಗಿದ್ದರೆ? ಅತ್ತ ದರಿ, ಇತ್ತ ಪುಲಿ. ಹೀಗೆ ಅಳೆದು ಸುರಿಯುತ್ತಿರುವಾಗಲೇ ಅವರು ತಮ್ಮ ತಂಗಿಯನ್ನು ಭಾನುವಾರ ಹಾರಿಸುವುದಾಗಿ ಮಾತು ಕೊಟ್ಟುಬಿಟ್ಟರು.

ನಾದಿನಿ ಬಂದದ್ದು ತಲೆಗೆ ಸ್ಕಾರ್ಫ್ ಕಟ್ಟಿ, ಹೊಸ ಕಪ್ಪು ಕನ್ನಡಕ ಏರಿಸಿಕೊಂಡು. ದಾರಿಯುದ್ದಕ್ಕೂ ಕಾರಿನ ಹಿಂದಿನ ಸೀಟಿನಿಂದ ಅವಳ ಪ್ರಶ್ನೆ ನಿಲ್ಲಲಿಲ್ಲ. ವಿಮಾನದ ಕಿಟಕಿ ತೆಗೆಯಬಹುದಾ, ಮೇಲಿನಿಂದ ತನ್ನ ಮನೆ ಕಾಣುತ್ತದಾ. ನಾನು ‘ಇವತ್ತು ಬೇಡ’ ಎನ್ನಲು ಎರಡು ಸಲ ಬಾಯಿ ತೆರೆದು, ಎರಡು ಸಲವೂ ‘ಮನೆ ಬಾಗಿಲು ಹಾಕಿದೆವಲ್ಲ?’ ಎಂದು ಕೇಳಿದೆ.

“ಅತ್ತಿಗೆ, ನೀವು ಎರಡು ಸಲ ಕೇಳಿದ್ರಿ. ಅಣ್ಣ ಹೊರಡೋ ಮುಂಚೆ ಮೂರು ಸಲ ಎಳೆದು ನೋಡಿದ್ದಾನೆ. ಈ ಲೆಕ್ಕದಲ್ಲಿ ವಿಮಾನ ಏರೋದು ಯಾವಾಗ, ಮುಂದಿನ ಭಾನುವಾರವಾ?” ಎಂದಳು ಅವಳು. ಅವರು ನಕ್ಕರು. ನಾನೂ ನಕ್ಕೆ.

ಶೆಡ್ಡಿನ ಸೂರು ರಿಪೇರಿಗೆಂದು ಬಿಚ್ಚಿದ್ದರಿಂದ ಮುದುಕಿ ಹತ್ತು ದಿನದಿಂದ ಬಯಲಲ್ಲೇ ನಿಂತಿತ್ತು. ಅದರಲ್ಲಿ ನಾಲ್ಕು ದಿನ ಮಳೆ. ಆ ಬೆಳಿಗ್ಗೆ ಮಾತ್ರ ತೊಳೆದಿಟ್ಟಂಥ ಆಕಾಶ. ಕೆಲಸ ಹಂಚಿಕೊಂಡೆವು: ಗಾಳಿಗೆ ಅಲುಗದಂತೆ ಬಾಲಕ್ಕೆ ಕಟ್ಟಿದ ಹಗ್ಗ ಬಿಚ್ಚುವುದು ನನಗೆ, ಪೆಟ್ರೋಲು ಅವರಿಗೆ. ಬಲಗಡೆ ಟ್ಯಾಂಕಿನದು ನೋಡಿದರು. ಎಡಗಡೆಯದನ್ನು ಹಿಡಿದು, ರೆಕ್ಕೆಯಡಿಯಿಂದ ಎರಡು ಹೆಜ್ಜೆ ಈಚೆ ಬಂದು, ಬಟ್ಟಲನ್ನು ಮೇಲಕ್ಕೆತ್ತಿದರು. ಆಕಾಶಕ್ಕೆ.

“ಚೊಕ್ಕ,” ಎಂದು ಅದನ್ನು ಡಬ್ಬಿಗೆ ಸುರಿದರು.

ಹಗ್ಗ ನನ್ನ ಕೈಯಲ್ಲೇ ಉಳಿಯಿತು. ಅವರು ಯಾವಾಗಲೂ ಹೀಗೇ ನೋಡುತ್ತಿದ್ದರೇ? ಬಿಳಿಗೆ ಹಿಡಿಯಬೇಕು ಎಂದವರು ಇವರೇ ತಾನೆ, ಅಥವಾ ನಮಗೆ ಹಾರಲು ಕಲಿಸಿದ ಗುರುಗಳೇ? ಬಲಗಡೆಯದನ್ನು ಹೇಗೆ ಹಿಡಿದಿದ್ದರು? ಐದು ನಿಮಿಷದ ಹಿಂದಿನ ಮಾತು, ನೆನಪಿಗೆ ಬರಲೊಲ್ಲದು. ಸುಮ್ಮನೆ ಹೋಗಿ ಬಟ್ಟಲು ಇಸಿದುಕೊಂಡು ಎಡಗಡೆಯಿಂದ ಇನ್ನೊಮ್ಮೆ ತುಂಬಿಸಿದೆ. ಬಿಳಿ ರೆಕ್ಕೆಗೆ ಹಿಡಿದೆ. ಗೆರೆಯಿಲ್ಲ. ಬಣ್ಣ? ನೀಲಿ ಇದ್ದ ಹಾಗೂ ಇತ್ತು, ಇಲ್ಲದ ಹಾಗೂ ಇತ್ತು. ಕನ್ನಡಕ ಒರೆಸಿಕೊಂಡರೂ ಅಷ್ಟೆ. ಮುಂಗೈ ಮೇಲೆ ಒಂದು ಹನಿ ಬಿಟ್ಟುಕೊಂಡು ಕಾದೆ. ಹನಿ ದುಂಡಗೆ ಕೂತೇ ಇತ್ತು, ಅದರೊಳಗೆ ಚರ್ಮದ ಗೆರೆಗಳು ದೊಡ್ಡದಾಗಿ ಕಾಣುತ್ತಿದ್ದವು.

“ರೀ, ಇದು ಆರ್ತಾ ಇಲ್ಲ.”

“ಗಾಳಿ ಇಲ್ಲವಲ್ಲ, ಅದಕ್ಕೆ.”

ನಾನು ಬಟ್ಟಲನ್ನು ಅವರ ಮೂಗಿನ ಹತ್ತಿರ ಹಿಡಿದೆ. ಅವರು ಮೂಸಿದರು. ಇನ್ನೊಮ್ಮೆ ಮೂಸಿದರು. ಕೆಟ್ಟ ಎಕ್ಸ್‌ರೇ ಒಂದನ್ನು ರೋಗಿಗೆ ತೋರಿಸುವ ಮೊದಲು ತಾವೊಬ್ಬರೇ ನೋಡಿಕೊಳ್ಳುವಾಗ ಅವರ ಮುಖ ಹೀಗಾಗುತ್ತದೆ.

“ನೀರು,” ಎಂದರು.

ನಾನು ಏಣಿ ಹತ್ತಿದೆ. ಎಡಗಡೆ ಮುಚ್ಚಳ ಬಾಯಿಯ ಮೇಲೆ ಸುಮ್ಮನೆ ಕೂತಿತ್ತು, ತಿರುಗಿಸಿ ಬಿಗಿ ಮಾಡಿರಲಿಲ್ಲ, ಎತ್ತಿದರೆ ಕೈಗೇ ಬಂತು. ನಾಲ್ಕು ದಿನದ ಮಳೆ ಅದರ ಅಂಚಿನಿಂದ ಒಳಗಿಳಿದಿತ್ತು.

ಗ್ರೀಸಣ್ಣ ಕೈ ಒರೆಸಿಕೊಳ್ಳುತ್ತ ಬಂದ. “ಡಾಕ್ಟ್ರೇ, ಮುದುಕಿಗೆ ಒಳಗಿಂದ ಸ್ನಾನ ಮಾಡಿಸಿದ್ದೀರಾ?” ಎಂದು ನಗಲು ಹೊರಟವನು ನಮ್ಮ ಮುಖ ನೋಡಿ ನಿಲ್ಲಿಸಿದ. ನೋಡದೆ ಹೊರಟಿದ್ದರೆ ಏನಾಗುತ್ತಿತ್ತು ಎಂದು ನಾದಿನಿ ಕೇಳಿದಳು. ಕೊಳವೆಯಲ್ಲಿ ಉಳಿದ ಒಳ್ಳೆಯ ಪೆಟ್ರೋಲಿಗೆ ಎಂಜಿನ್ ಶುರುವಾಗುತ್ತದೆ, ರನ್‌ವೇ ತನಕವೂ ಹೋಗುತ್ತದೆ, ನೆಲ ಬಿಟ್ಟು ಮರದ ತುದಿಯಷ್ಟು ಎತ್ತರ ಏರುವಾಗ ನೀರು ಎಂಜಿನ್ ಮುಟ್ಟುತ್ತದೆ, ಆಮೇಲೆ ತುಂಬಾ ನಿಶ್ಶಬ್ದವಾಗುತ್ತದೆ ಎಂದು ಅವನು ಹವಾಮಾನದ ವರದಿ ಹೇಳುವವನಂತೆ ಹೇಳಿದ. ಅವಳು ಕಪ್ಪು ಕನ್ನಡಕ ತೆಗೆದು ಪರ್ಸಿಗೆ ಹಾಕಿಕೊಂಡಳು.

ಹತ್ತು ದಿನದ ಹಿಂದೆ ಪೆಟ್ರೋಲು ತುಂಬಿಸಿದ್ದು ಯಾರು ಎಂಬ ಪ್ರಶ್ನೆ ಎದ್ದಿತು. ಆಗ ಮಧ್ಯದಲ್ಲಿ ಒಂದು ಫೋನ್ ಬಂದದ್ದು ಇಬ್ಬರಿಗೂ ನೆನಪಿತ್ತು. ಫೋನ್ ಬಂತೆಂದು ತಾವು ಏಣಿ ಇಳಿದದ್ದಾಗಿಯೂ, ಮುಚ್ಚಲು ನನಗೆ ಹೇಳಿದ್ದಾಗಿಯೂ ಅವರು ಹೇಳಿದರು. ನನ್ನ ನೆನಪಿನಲ್ಲಿ ಇಳಿದದ್ದು ನಾನು, ಹತ್ತಿದ್ದು ಅವರು. ಯಾರ ಫೋನ್ ಎಂದು ನಾದಿನಿ ಕೇಳಿದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಗ್ರೀಸಣ್ಣನನ್ನು ಸಾಕ್ಷಿಗೆ ಕರೆದರೆ, “ನಂಗೆ ಚೆನ್ನಾಗಿ ನೆನಪಿರೋದು ಒಂದೇ ಅಕ್ಕಾ, ಆವತ್ತು ನಾನು ರಜೆ,” ಎಂದ.

ಅವರು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತರು. “ನಾನು ಬಟ್ಟಲು ಎಲ್ಲಿಗೆ ಹಿಡಿದಿದ್ದೆ?”

“ಆಕಾಶಕ್ಕೆ.”

“ಮೂಸಿದ್ನಾ?”

“ಇಲ್ಲ.”

ಅವರು ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು. “ಮುಚ್ಚಳ ಯಾರದ್ದೋ ಇರಲಿ. ಇದಂತೂ ನಂದೇ. ಇನ್ನೂ ಏನೇನು ನೋಡಿದ್ದೀಯ?”

ಇನ್ನೇನೂ ಇಲ್ಲ ಎಂದಿದ್ದರೆ ನಡೆಯುತ್ತಿತ್ತು. ಆದರೆ ಕೈ ತಾನಾಗಿ ಬ್ಯಾಗಿಗೆ ಹೋಯಿತು. ಅವರು ಕನ್ನಡಕವನ್ನು ಹಣೆಗೇರಿಸಿ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಬೈಯುತ್ತಾರೆ ಅಂದುಕೊಂಡೆ. ಅಳುತ್ತಾರೋ ಎಂದೂ ಹೆದರಿದೆ. ಅವರು ಮೊದಲ ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು.

“ಇದು ನಿನ್ನ ಸರದಿ ಕಣೇ. ಹೋಗುವಾಗ ರೇಡಿಯೋ ನಂದು, ಬರುವಾಗ ನಿಂದು. ಟವರಿನವರು ಎರಡು ಸಲ ಕರೆದರು, ನೀನು ಕಿಟಕಿ ಕಡೆ ನೋಡ್ತಾ ಕೂತಿದ್ದೆ. ನಾನು ಎಷ್ಟು ಹೆದರಿದ್ದೆ ಗೊತ್ತಾ?”

ಹೌದು, ಸರದಿಯ ಪದ್ಧತಿ ನಮ್ಮದೇ. ಆ ದಿನ ಹೋಗುವಾಗ ಮಾತಾಡಿದ್ದು ಯಾರು? ನಾನು ಹುಡುಕಿದೆ. ಅಲ್ಲಿ ಏನೂ ಇರಲಿಲ್ಲ, ಬರೀ ಬೆಳಕು ಮತ್ತು ಎಂಜಿನ್ನಿನ ಸದ್ದು.

ಅವರು ಮೂರನೇ ಸಾಲಿಗೆ ಬಂದರು. ‘ಕಾರಣವಿಲ್ಲದೆ ಮತ್ತೆ ಮತ್ತೆ ಅಡುಗೆಮನೆಗೆ ಹೋಗಿ, ಸುಮ್ಮನೆ ವಾಪಸು ಬರುತ್ತಾರೆ’ ಎಂದು ನಾನು ಬರೆದಿದ್ದೆ.

“ಗ್ಯಾಸ್ ನೋಡೋಕೆ,” ಎಂದರು. “ನಿನಗೆ ವಾಸನೆ ಬರಲ್ಲವಲ್ಲ. ಎರಡು ಸಲ ನೀನು ಆಫ್ ಮಾಡದೆ ಬಿಟ್ಟಿದ್ದೆ. ಹೇಳಿದ್ರೆ ಬೇಜಾರು ಮಾಡ್ಕೋತೀಯ ಅಂತ ಹೇಳಿಲ್ಲ.”

ವರ್ಷದಿಂದ ಅವರು ನನ್ನ ಬೆನ್ನ ಹಿಂದೆ ಗ್ಯಾಸಿನ ಗುಂಡಿ ತಿರುವಿ ನೋಡುತ್ತಿದ್ದರು. ಅದನ್ನೇ ನಾನು ಅವರ ಮರೆವೆಂದು ಪಟ್ಟಿ ಮಾಡುತ್ತಿದ್ದೆ. ನಾಚಿಕೆಯಾಗಬೇಕಿತ್ತು. ಆಗಲೂ ಇಲ್ಲ, ಏಕೆಂದರೆ ಉಳಿದ ನಾಲ್ಕು ಸಾಲುಗಳನ್ನು ಅವರು ಓದಿ ಮುಗಿಸಿ, ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಅವರು ವಿವರಿಸಿದ ಎರಡು ಸಾಲಿನಿಂದ ನಿರಾಳವಾಗಬೇಕೋ, ವಿವರಿಸದ ನಾಲ್ಕಕ್ಕೆ ಹೆದರಬೇಕೋ ತಿಳಿಯದೆ ನಾನು ಏಣಿ ಹಿಡಿದುಕೊಂಡು ನಿಂತೆ.

“ಅಂದ್ರೆ ನಿಮ್ಮಿಬ್ಬರಲ್ಲಿ ಸರಿ ಇರೋದು ಯಾರು?” ಎಂದಳು ನಾದಿನಿ. ತಮಾಷೆಗೆ ಶುರು ಮಾಡಿದ್ದು, ಮುಗಿಯುವಾಗ ದನಿ ಸಣ್ಣದಾಗಿತ್ತು.

ಗ್ರೀಸಣ್ಣ ವಿಮಾನದ ದೋಷಗಳನ್ನು ಬರೆಯುವ ಪುಸ್ತಕ ತಂದ. ಅದರಲ್ಲಿ ಒಂದು ಸಲ ಬರೆದರೆ ಮುಗಿಯಿತು, ಸರಿಪಡಿಸಿದವರು ಸಹಿ ಹಾಕುವ ತನಕ ವಿಮಾನ ನೆಲ ಬಿಡುವಂತಿಲ್ಲ. ನಾನು ಬರೆದೆ: ಎಡ ಟ್ಯಾಂಕಿನಲ್ಲಿ ನೀರು, ಮುಚ್ಚಳ ಬಿಗಿಯಾಗಿರಲಿಲ್ಲ. ಪೆನ್ನು ಮುಚ್ಚುವಷ್ಟರಲ್ಲಿ ಅವರು ಕೈ ಚಾಚಿ ಇಸಿದುಕೊಂಡು, ಕೆಳಗಿನ ಸಾಲಿನಲ್ಲಿ ನಿಧಾನವಾಗಿ ಬರೆದರು. ಡಾಕ್ಟರ ಅಕ್ಷರ, ನಾನು ಎರಡು ಸಲ ಓದಬೇಕಾಯಿತು. ‘ಪೈಲಟ್‌ಗಳು ಇಬ್ಬರು. ಇಬ್ಬರಿಗೂ ಆರೋಗ್ಯ ಪರೀಕ್ಷೆ ಆಗುವ ತನಕ ಹಾರಾಟವಿಲ್ಲ.’

ಗ್ರೀಸಣ್ಣ ಅದನ್ನು ಓದಿ ಕಿವಿ ಕೆರೆದುಕೊಂಡ. ಮೊದಲನೆಯದಕ್ಕೆ ಬುಧವಾರದೊಳಗೆ ಎಲ್ಲ ಕೊಳವೆ ಬಿಚ್ಚಿ, ಒಣಗಿಸಿ ಸಹಿ ಹಾಕುವುದಾಗಿಯೂ, ಎರಡನೆಯದಕ್ಕೆ ತನ್ನ ಸಹಿ ನಡೆಯುವುದಿಲ್ಲವೆಂದೂ ಹೇಳಿದ.

ಆದರೂ ನೀರನ್ನು ಹಾಗೇ ಬಿಟ್ಟು ಹೊರಡಲು ಮನಸ್ಸಾಗಲಿಲ್ಲ. ಅವರು ರೆಕ್ಕೆಯ ತುದಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು, ಮೂಲೆಯಲ್ಲಿ ಅಡಗಿದ್ದೂ ತಳಕ್ಕಿಳಿಯಲಿ ಎಂದು. ನಾನು ಬಟ್ಟಲು ಹಿಡಿದೆ, ಸುರಿದೆ, ಮತ್ತೆ ಹಿಡಿದೆ. ಎಷ್ಟು ಬಟ್ಟಲೋ. ಗೆರೆಯನ್ನು ಮೊದಲು ಕಂಡವಳು ನಾದಿನಿ. ಬೆರಳು ತೋರಿಸಿದಳು. ಕೆಳಗೆ ನೀರು, ಮೇಲೆ ಎಳೆ ನೀಲಿ. ಮೂವರೂ ತಲೆ ತಾಗಿಸಿ ಆ ಗೆರೆಯನ್ನೇ ನೋಡಿದೆವು.

“ಇವತ್ತು ಮುಚ್ಚಳ ತೆಗೆದಿದ್ದು ಯಾರು?” ಎಂದು ಅವರು ಕೇಳಿದರು.

“ನಾನು,” ಎಂದೆ. ಇದು ಗೊತ್ತಿತ್ತು. ಏಣಿ ಹತ್ತಿ ಮುಚ್ಚಿ, ತಿರುಗಿಸಿ ಬಿಗಿ ಮಾಡಿ ಇಳಿದೆ. ಅವರು ಹತ್ತಿ ಅಲ್ಲಾಡಿಸಿ ನೋಡಿ ಇಳಿದರು. ಅವರು ಇಳಿದ ಮೇಲೆ ನನಗೆ ಇನ್ನೊಮ್ಮೆ ಹತ್ತಬೇಕೆನಿಸಿತು. ಹತ್ತಲಿಲ್ಲ.

ಕಾರಿನ ಹತ್ತಿರ ಬಂದಾಗ ನಾದಿನಿ ಕೈ ನೀಡಿದಳು. ಅವರು ಕೀ ಕೊಟ್ಟರು. ನಾವಿಬ್ಬರೂ ಹಿಂದೆ ಕೂತೆವು.